ಹಟ್ಟಿಯಲ್ಲಿ ಕ್ಷಯ ಪರೀಕ್ಷೆ: ನಾನು ಮಾಡಿಸುವ ರೀತಿ

ಹಸುಗಳಿಗೆ ಕ್ಷಯ ಪರೀಕ್ಷೆ ಮಾಡಿಸುತ್ತೇನೆ ಎಂದರೆ ನಮ್ಮ ಪೆರ್ಲದ ಕಡೆ ಈಗಲೂ ಕೆಲವರು, ‘ಇಲ್ಲದ ರೋಗವನ್ನು ಹಟ್ಟಿಗೆ ಕರೆಯುವುದೇಕೆ’ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಇದು ಕಡ್ಡಾಯ. ರೋಗ ಕಂಡ ದನವನ್ನು ಕೊಂದು ಮಾಲೀಕನಿಗೆ ಪರಿಹಾರ ಕೊಡುತ್ತಾರೆ. ನಮ್ಮಲ್ಲಿ ವೀರ್ಯ ಕೇಂದ್ರದ ಹೋರಿಗಳಿಗೆ ತಪ್ಪದೆ ನಡೆಯುತ್ತದೆ, ಮನೆಯ ಹಟ್ಟಿಯ ಮಟ್ಟಿಗೆ ಸಾಕುವವನ ಮನಸ್ಸು. ನನ್ನ ಹಾಲು ಸೊಸೈಟಿಗೂ ಹೋಗುತ್ತದೆ, ನೆರೆಮನೆಯ ಮಕ್ಕಳ ಲೋಟಕ್ಕೂ ಹೋಗುತ್ತದೆ. ಹಾಗಾಗಿ ಪ್ರತಿ ವರ್ಷ ಮಾಡಿಸುತ್ತೇನೆ.

ದೀಪಾವಳಿ ಕಳೆದು ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಪಶುವೈದ್ಯರನ್ನು ಕರೆಯುತ್ತೇನೆ. ಕರು ಹಾಕುವ ಹೊತ್ತಿಗೆ ಬಂದ ಹಸು, ಈಗಷ್ಟೇ ಕರು ಹಾಕಿದ್ದು, ಸ್ಟೀರಾಯ್ಡ್ ಮದ್ದು ಪಡೆದದ್ದು, ಇವುಗಳಿಗೆ ಆಮೇಲೆ. ಆ ಸ್ಥಿತಿಯಲ್ಲಿ ರೋಗವಿದ್ದರೂ ಪರೀಕ್ಷೆಯ ಮದ್ದು ಚುಚ್ಚಿದ ಜಾಗದಲ್ಲಿ ಚರ್ಮ ಉಬ್ಬದೆ ಹೋಗಬಹುದು.

ಹಸುವನ್ನು ನಿಲ್ಲಿಸುವುದೇ ದೊಡ್ಡ ಕೆಲಸ. ಹಳೆಯ ಕಂಗಿನ ಕಂಬಗಳಿಂದ ಒಂದು ಇಕ್ಕಟ್ಟಾದ ಓಣಿ ಕಟ್ಟಿಸಿದ್ದೇನೆ. ಪರೀಕ್ಷೆಗೆ ಮೊದಲೇ ದಿನವೂ ಅದರೊಳಗೆ ದಾಟಿಸಿ, ಆಚೆ ತುದಿಯಲ್ಲಿ ಹಿಂಡಿ ಇಡುತ್ತೇನೆ. ನಮ್ಮ ಕಾಸರಗೋಡು ಗಿಡ್ಡ ತಳಿಯ ಹಸು ಜರ್ಸಿ ಮಿಶ್ರತಳಿಗಿಂತ ಬೇಗ ಬೆದರುತ್ತದೆ. ಅದಕ್ಕೆ ಈ ರೂಢಿ ಬಹಳ ಬೇಕು.

ಕುತ್ತಿಗೆಯಲ್ಲಿ ಎರಡು ಕಡೆ ರೋಮ ಕತ್ತರಿಸಿ, ಚರ್ಮವನ್ನು ಮಡಚಿ ಹಿಡಿದು, ಅದರ ದಪ್ಪವನ್ನು ಕ್ಯಾಲಿಪರ್‌ನಿಂದ ಅಳೆದು ಬರೆಯುತ್ತಾರೆ. ಚುಚ್ಚುವ ಮದ್ದು ಟ್ಯೂಬರ್ಕ್ಯುಲಿನ್, ಅಂದರೆ ಕ್ಷಯದ ರೋಗಾಣುವಿನಿಂದ ತೆಗೆದ ಸಾರ. ಮೇಲಿನ ಜಾಗಕ್ಕೆ ಪಕ್ಷಿಗಳ ಕ್ಷಯದ್ದು, ಕೆಳಗಿನದಕ್ಕೆ ದನದ ಕ್ಷಯದ್ದು, 0.1 ಮಿಲಿಲೀಟರ್‌ನಂತೆ. ಸೂಜಿ ತೆಗೆದಾಗ ಚರ್ಮದೊಳಗೆ ಕಡಲೆ ಕಾಳಿನಷ್ಟು ಗಂಟು ಬೆರಳಿಗೆ ಸಿಗಬೇಕು. ಸಿಗದಿದ್ದರೆ ಮದ್ದು ಚರ್ಮದ ಕೆಳಗೆ ಇಳಿದಿದೆ ಎಂದರ್ಥ. ನಾನೂ ಒಮ್ಮೆ ಮುಟ್ಟಿ ನೋಡುತ್ತೇನೆ. 72 ಗಂಟೆಗಳ ನಂತರ ಅದೇ ವೈದ್ಯರು ಅದೇ ಜಾಗವನ್ನು ಅಳೆಯಬೇಕು, ಕೈ ಬದಲಾದರೆ ಅಳತೆಯೂ ಬದಲಾಗುತ್ತದೆ.

ಪಕ್ಷಿಯದರಲ್ಲಿ ಮಾತ್ರ ಊತ ಬಂದರೆ ಅಂಜಬೇಕಾಗಿಲ್ಲ. ಕೋಳಿಗಳು ಓಡಾಡುವ ಹಟ್ಟಿಯಲ್ಲಿ ಅದು ಕಾಣಬಹುದು. ದನದ ಟ್ಯೂಬರ್ಕ್ಯುಲಿನ್ ಚುಚ್ಚಿದ ಜಾಗದ ಊತ ಪಕ್ಷಿಯದಕ್ಕಿಂತ ನಾಲ್ಕು ಮಿಲಿಮೀಟರ್‌ಗೂ ಹೆಚ್ಚಾದರೆ ರೋಗ, ಒಂದರಿಂದ ನಾಲ್ಕರೊಳಗಿದ್ದರೆ ಸಂಶಯ. ನಮ್ಮ ಒಂದು ಜರ್ಸಿ ಹಸು ಸಂಶಯದಲ್ಲಿ ನಿಂತಿತು. ಮರುಪರೀಕ್ಷೆಗೆ ಕನಿಷ್ಠ 42 ದಿನ ಬಿಡಬೇಕು. ಬೇಗ ಚುಚ್ಚಿದರೆ ಚರ್ಮ ನಿಜ ಹೇಳುವುದಿಲ್ಲ. ಅಷ್ಟೂ ಕಾಲ ಅದನ್ನು ಸೌದೆ ಕೊಟ್ಟಿಗೆಗೆ ಸ್ಥಳಾಂತರಿಸಿ, ಬೇರೆ ಬಾನಿಯಲ್ಲಿ ನೀರು ಕೊಟ್ಟು, ಎಲ್ಲದರ ಕೊನೆಗೆ ಕರೆದು, ಹಾಲನ್ನು ಚೆಲ್ಲಿದೆವು. ಕರುವಿಗೆ ಬೇರೆ ಹಸುವಿನ ಹಾಲನ್ನು ಕಾಯಿಸಿ ಆರಿಸಿ ಕುಡಿಸಿದೆವು.

ಮರುಪರೀಕ್ಷೆಯಲ್ಲಿ ರೋಗ ಖಚಿತವಾಯಿತು. ಮನುಷ್ಯರ ಮಾತ್ರೆ ಕೊಟ್ಟು ಗುಣಪಡಿಸಬಹುದೇ ಎಂದು ವೈದ್ಯರನ್ನು ಕೇಳಿದೆ. ತಿಂಗಳುಗಟ್ಟಲೆ ಹಿಡಿಯುವ, ಔಷಧಕ್ಕೆ ಬಗ್ಗದ ರೋಗಾಣುವನ್ನು ಬೆಳೆಸುವ ಕೆಲಸ ಬೇಡ ಎಂದರು. ಸುದ್ದಿ ತಿಳಿದ ದಲ್ಲಾಳಿಯೊಬ್ಬ ಒಳ್ಳೆಯ ಬೆಲೆಗೆ ಕೇಳಿದ. ಇನ್ನೊಬ್ಬರ ಹಟ್ಟಿಗೆ, ಅವರ ಮಕ್ಕಳ ಮೈಗೆ ರೋಗ ದಾಟಿಸಿ ಬರುವ ಹಣ ನನಗೆ ಬೇಡ. ಆ ಹಸು ಕೊನೆಯವರೆಗೂ ನಮ್ಮಲ್ಲೇ ಬೇರೆಯಾಗಿ ಇತ್ತು. ಮನೆಯವರೆಲ್ಲ, ಹಾಲು ಕರೆಯಲು ಬರುವ ಹೆಂಗಸೂ ಸೇರಿ, ಆರೋಗ್ಯ ಕೇಂದ್ರಕ್ಕೆ ಹೋಗಿ ತಪಾಸಣೆ ಮಾಡಿಸಿಕೊಂಡೆವು. ಅಷ್ಟು ದಿನ ಮಾತು ಕಡಿಮೆಯಾಗಿದ್ದ ನೆರೆಯವರಿಗೂ ನಾನೇ ಹೋಗಿ ವಿಷಯ ಹೇಳಿದೆ, ಹಾಲನ್ನು ಉಕ್ಕುವವರೆಗೆ ಕಾಯಿಸದೆ ಯಾರಿಗೂ ಕೊಡಬೇಡಿ ಎಂದೆ.

ಈಗ ಪುತ್ತೂರು ಕಡೆಯಿಂದ ಹೊಸ ಹಸು ತಂದರೆ ಮೊದಲು ಸೌದೆ ಕೊಟ್ಟಿಗೆಗೇ ಹೋಗುತ್ತದೆ. ಪರೀಕ್ಷೆ ಮುಗಿದು ಅಳತೆಯ ಚೀಟಿ ಕೈಗೆ ಬಂದ ಮೇಲೆ ಉಳಿದವುಗಳ ಜೊತೆ ಕಟ್ಟುತ್ತೇನೆ.