ಅಕ್ಷರ ಎಣಿಸಲು ಒಂದು ಕಳೆಯುವ ಲೆಕ್ಕ

ಷಟ್ಪದಿ ಬರೆಯುವ ಚಟ ಹತ್ತಿದವರಿಗೆ ಬೆರಳು ಮಡಚಿ ಮಾತ್ರೆ ಎಣಿಸುವ ಅಭ್ಯಾಸ ತಾನಾಗಿ ಬರುತ್ತದೆ. ಆ ಕೆಲಸವನ್ನು ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ಗೆ ಒಪ್ಪಿಸಲು ಹೊರಟೆ. ‘ಕನ್ನಡ’ ಪದದ ಉದ್ದ ಕೇಳಿದರೆ ಅದು 5 ಅನ್ನುತ್ತದೆ, ‘ಸ್ತ್ರೀ’ಗೆ 6. ಕಂಪ್ಯೂಟರಿನಲ್ಲಿ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒತ್ತಕ್ಷರಕ್ಕೆಂದು ಬೇರೆ ಸಂಕೇತವಿಲ್ಲ. ವ್ಯಂಜನ, ನಡುವೆ ಸ್ವರ ತೆಗೆಯುವ ಹಲಂತ ಚಿಹ್ನೆ, ಮತ್ತೆ ವ್ಯಂಜನ, ಹೀಗೆ ಪೋಣಿಸಿದ್ದನ್ನು ಫಾಂಟ್ ಒತ್ತಾಗಿ ತೋರಿಸುತ್ತದೆ. ಕಂಪ್ಯೂಟರ್ ಮಣಿಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸುತ್ತದೆ.

ಪದವನ್ನು ಅಕ್ಷರಗಳಾಗಿ ಒಡೆಯುವ ಸಿದ್ಧ ಲೈಬ್ರರಿಗಳೂ ಇವೆ. ನನ್ನಲ್ಲಿದ್ದದ್ದು ‘ಸ್ತ್ರೀ’ಯನ್ನು ಸ್, ತ್, ರೀ ಎಂದು ಮೂರು ಮಾಡಿತು. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರ ಒಡೆಯದಂತೆ ಹೊಸ ನಿಯಮ ಬಂತು. ದೇವನಾಗರಿ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ಸರಿ, ಕೈಯಲ್ಲೇ ಮಾಡಿಕೊಳ್ಳೋಣ ಅಂದುಕೊಂಡೆ.

ಹಾಗೆ ಕೂತಾಗ ಹೊಳೆದದ್ದು ಇಷ್ಟೆ: ಛಂದಸ್ಸಿಗೆ ಬೇಕಾದ ಅಕ್ಷರ ಎಂದರೆ ಒಂದು ಸ್ವರ. ಕನ್ನಡದ ಪ್ರತಿ ವ್ಯಂಜನದೊಳಗೂ ಸ್ವರ ಇದ್ದೇ ಇರುತ್ತದೆ, ಹಲಂತ ಬಂದರೆ ಮಾತ್ರ ಹೋಗುತ್ತದೆ. ಹಾಗಾಗಿ ವ್ಯಂಜನಗಳನ್ನೂ ಬಿಡಿ ಸ್ವರಗಳನ್ನೂ ಕೂಡಿ, ಹಲಂತಗಳನ್ನು ಕಳೆದರೆ ಮುಗಿಯಿತು. ಕನ್ನಡ: 4ರಲ್ಲಿ 1 ಹೋದರೆ 3. ಸ್ತ್ರೀ: 3ರಲ್ಲಿ 2 ಹೋದರೆ 1. ಸಾಫ್ಟ್‌ವೇರ್: 5ರಲ್ಲಿ 3 ಹೋದರೆ 2. ಗುಣಿತದ ಚಿಹ್ನೆ, ಅನುಸ್ವಾರ, ವಿಸರ್ಗ ಯಾವುದನ್ನೂ ಮುಟ್ಟುವ ಹಾಗಿಲ್ಲ. ಉತ್ಪಲಮಾಲೆ ವೃತ್ತದ ಸಾಲಿಗೆ 20 ಅಕ್ಷರ, ಚಂಪಕಮಾಲೆಗೆ 21 ಇದೆಯೇ ಎಂದು ನೋಡಲು ಇಷ್ಟು ಸಾಕು. ಇಂಗ್ಲಿಷಿನಲ್ಲಿ ಇದೇ ಕೆಲಸಕ್ಕೆ ಉಚ್ಚಾರಣೆಯ ನಿಘಂಟನ್ನೇ ಜೊತೆಗಿಟ್ಟುಕೊಳ್ಳಬೇಕಾಗುತ್ತದೆ. ನಮ್ಮ ಲಿಪಿ ಇಲ್ಲಿ ಉಪಕಾರಿ. ಆದರೆ ಇದು ಎಣಿಸುವುದು ಬರಹವನ್ನು, ಬಾಯನ್ನಲ್ಲ. ಬೆಂಗಳೂರು 4, ಬೆಂಗ್ಳೂರು 3.

ಎಣಿಸುವ ಮೊದಲು ಪಠ್ಯವನ್ನು ಶುಚಿ ಮಾಡಲೇಬೇಕು. ಸ್ಕ್ಯಾನ್ ಮಾಡಿ ತೆಗೆದ ಪಠ್ಯದಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಕೂತಿರುತ್ತದೆ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ದೀರ್ಘವೂ ಅಷ್ಟೆ: ‘ಕೀ’ ಕೆಲವೊಮ್ಮೆ ‘ಕಿ’ ಮತ್ತು ದೀರ್ಘದ ಗುರುತು ಎಂದು ಎರಡಾಗಿ ಇರುತ್ತದೆ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಿಂದ ಎನ್‌ಎಫ್‌ಸಿ ಎಂಬ ಜೋಡಿಸಿದ ರೂಪಕ್ಕೆ ತಂದರೆ ಅದು ಒಂದಾಗುತ್ತದೆ.

ಮಾತ್ರೆಯ ಲೆಕ್ಕ ಮಾತ್ರ ಇಷ್ಟು ಸುಲಭವಲ್ಲ. ದೀರ್ಘ, ಐ, ಔ, ಅನುಸ್ವಾರ, ವಿಸರ್ಗ ಇದ್ದರೆ ಗುರು, ಅಂದರೆ 2 ಮಾತ್ರೆ (ಲಘುವಿಗೆ 1); ಮುಂದೆ ಒತ್ತಕ್ಷರ ಬಂದರೂ ಗುರು. ಮುಂದೇನಿದೆ ಎಂದು ಗೊತ್ತಿರಬೇಕಾದ್ದರಿಂದ ಸಾಲನ್ನು ಬಲದಿಂದ ಎಡಕ್ಕೆ ಓದಿಸಿದೆ. ಪರೀಕ್ಷೆಗೆ ಕುಮಾರವ್ಯಾಸನ ಮೊದಲ ಪದ್ಯ. ಅದರ ಭಾಮಿನಿ ಷಟ್ಪದಿಯ ಗಿಡ್ಡ ಸಾಲಿಗೆ 14 ಮಾತ್ರೆ, 3-4ರ ಗಣಗಳಲ್ಲಿ, ಅಂದರೆ ಮಾತ್ರೆಗಳ ಗುಂಪುಗಳಲ್ಲಿ. ‘ಶ್ರೀವನಿತೆಯರಸನೆ ವಿಮಲ ರಾ’ 14 ಬಂತು. ‘ರಾಜೀವ’ ಪದವೇ ತುಂಡಾಗಿ ಮುಂದಿನ ಸಾಲಿಗೆ ದಾಟಿದೆ ನೋಡಿ, ಆದ್ದರಿಂದ ಪದ ಪದವಾಗಿ ಎಣಿಸುವ ಆಲೋಚನೆ ಬಿಟ್ಟು ಇಡೀ ಸಾಲನ್ನೇ ಘಟಕ ಮಾಡಿಕೊಂಡೆ.

ತಕ್ಷಣ ನಾಲ್ಕನೆಯ ಸಾಲು ತಕರಾರು ತೆಗೆಯಿತು. ‘ರಾವಣಾಸುರ ಮಥನ ಶ್ರವಣ ಸು’ 15! ‘ಶ್ರ’ ಒತ್ತಕ್ಷರವಾದ್ದರಿಂದ ಹಿಂದಿನ ‘ನ’ವನ್ನು ಪ್ರೋಗ್ರಾಂ ಗುರು ಮಾಡಿತ್ತು. ಕವಿ ಅಲ್ಲಿ ‘ಮಥನ’ವನ್ನು ಮೂರೇ ಮಾತ್ರೆಯಾಗಿ ಬಿಟ್ಟಿದ್ದಾನೆ, ಹಾಡಿದರೆ ಕಿವಿಗೂ ಅದೇ ಸರಿ. ಪದದ ಗಡಿ ದಾಟಿ ಬರುವ ಒತ್ತಕ್ಷರ ಸಂಸ್ಕೃತ ವೃತ್ತದಲ್ಲಿ ಹಿಂದಿನದನ್ನು ಗುರು ಮಾಡುತ್ತದೆ, ಇಲ್ಲಿ ಮಾಡಲಿಲ್ಲ. ಇಂಥ ಕಡೆ ಈಗ ಪ್ರೋಗ್ರಾಂ ಎರಡೂ ಲೆಕ್ಕ ಹಾಕಿ, ಗಣಕ್ಕೆ ಹೊಂದುವುದನ್ನು ಇಟ್ಟುಕೊಳ್ಳುತ್ತದೆ. ಕೊನೆಯ ಸಾಲು ‘ವೀರನಾರಯಣ’ಕ್ಕೆ ಮುಗಿದಾಗ 22 ಬಂತು, ಬೇಕಾದ್ದು 23. ಮೂರನೆಯ ಮತ್ತು ಆರನೆಯ ಉದ್ದ ಸಾಲುಗಳ ಕೊನೆಯ ಲಘುವಿಗೆ ಗುರುವಿನ ಲೆಕ್ಕ. ಆರು ಸಾಲಿನ ಒಟ್ಟು 102 ಆಗುವುದು ಹಾಗೆ.

ಹಳಗನ್ನಡದ ಶಿಥಿಲದ್ವಿತ್ವಕ್ಕೆ, ಅಂದರೆ ಹಿಂದಿನ ಅಕ್ಷರವನ್ನು ಗುರು ಮಾಡದ ಸಡಿಲ ಒತ್ತಿಗೆ, ಸೂತ್ರ ಹುಡುಕುವ ಗೋಜಿಗೆ ಹೋಗಲಿಲ್ಲ. ‘ಎರ್ದೆ’ಯಂಥ ಪದಗಳ ಪಟ್ಟಿಯೊಂದನ್ನು ಬೇರೆ ಫೈಲಿನಲ್ಲಿಟ್ಟಿದ್ದೇನೆ, ಓದುತ್ತಾ ಹೋದಂತೆ ಸೇರಿಸುತ್ತೇನೆ.