ಹಾರಿ ಹಿಡಿದದ್ದು ನಿಂತಿತು, ಕೈಗೆ ಬಂದದ್ದು ಬಿತ್ತು

ನಮ್ಮ ತಂಡದ ಗ್ರೂಪ್‌ನಲ್ಲಿ ನನ್ನದೊಂದು ವಿಡಿಯೊ ಇತ್ತು. 2022ರ ಬೇಸಿಗೆಯದು, 11 ಸೆಕೆಂಡಿನದು. ಚೆಂಡು ನನ್ನಿಂದ ಒಂದು ಮಾರು ದೂರದಲ್ಲಿ ಹೋಗುತ್ತಿರುತ್ತದೆ. ನಾನು ಉದ್ದಕ್ಕೆ ಹಾರುತ್ತೇನೆ, ಹುಲ್ಲಿನ ಮೇಲೆ ಬೀಳುತ್ತೇನೆ, ಎದ್ದಾಗ ಚೆಂಡು ಕೈಯಲ್ಲಿರುತ್ತದೆ. ನೋಡಿದವರು ಇವನ್ಯಾರಪ್ಪಾ ಅನ್ನಬೇಕು, ಹಾಗಿದೆ. 2024ರ ಏಪ್ರಿಲ್‌ನಲ್ಲಿ ಅದೇ ಗ್ರೂಪ್‌ನಿಂದ ನನ್ನನ್ನು ತೆಗೆದರು. 'ಈ ಸಲ ತಂಡ ಭರ್ತಿಯಾಗಿದೆ' ಎಂದು ನಾಯಕನ ಮೆಸೇಜು ಬಂತು. ಭರ್ತಿಯಾಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು ಶಿವಮೊಗ್ಗದವನು. ಮಿನ್ನಿಯಾಪೊಲಿಸ್ ಪಕ್ಕದ ಊರೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ವಯಸ್ಸು 38. ಆಡುವುದು ಫ್ಲ್ಯಾಗ್ ಫುಟ್‌ಬಾಲ್. ಅಮೆರಿಕನ್ ಫುಟ್‌ಬಾಲೇ, ಆದರೆ ಗುದ್ದಾಟ, ಹೆಲ್ಮೆಟ್ಟು ಇಲ್ಲ. ಸೊಂಟದ ಎರಡೂ ಪಕ್ಕ ಒಂದೊಂದು ಬಟ್ಟೆಪಟ್ಟಿ ನೇತಾಡುತ್ತಿರುತ್ತದೆ. ಚೆಂಡು ಹಿಡಿದು ಓಡುವವನ ಪಟ್ಟಿ ಕಿತ್ತರೆ ಅಲ್ಲಿಗೆ ಆ ಓಟ ಮುಗಿಯಿತು. ನಮ್ಮ ಲೀಗ್‌ನಲ್ಲಿ ಒಂದೊಂದು ಕಡೆಗೆ 5 ಜನ. ಕ್ವಾರ್ಟರ್‌ಬ್ಯಾಕ್ ಎಸೆಯುತ್ತಾನೆ, ರಿಸೀವರ್ ಓಡಿ ಹಿಡಿಯುತ್ತಾನೆ. ನಾನು ರಿಸೀವರ್. ಕಾಲೇಜಿನಲ್ಲಿ ಕ್ರಿಕೆಟ್ ಆಡುವಾಗ ಸ್ಲಿಪ್‌ನಲ್ಲಿ ನಿಲ್ಲುತ್ತಿದ್ದೆ, ಕೈ ಚೆನ್ನಾಗಿದೆ ಅಂತ ಹೆಸರಿತ್ತು. ಆ ಹೆಸರಿನ ಬಡ್ಡಿಯಲ್ಲೇ ಇಲ್ಲಿ ಎರಡು ವರ್ಷ ಕಳೆದೆ.

ಬಡ್ಡಿ ತೀರಿದ್ದು 2023ರ ಅಕ್ಟೋಬರ್ 15ರ ಭಾನುವಾರ. ಸೆಮಿಫೈನಲ್, ಕೊನೆಯ ನಿಮಿಷ, ನಾಲ್ಕನೇ ಡೌನ್, ಅಂದರೆ ನಾಲ್ಕು ಯತ್ನಗಳಲ್ಲಿ ಕೊನೆಯದು. ನನ್ನ ಸುತ್ತ 5 ಗಜದೊಳಗೆ ಒಬ್ಬ ಎದುರಾಳಿ ಇಲ್ಲ. ಚೆಂಡು ನೇರ ಎದೆಗೆ ಬಂತು. ಕೈಗೆ ತಗುಲಿತು, ಬಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಊರಿನ ಗೆಳೆಯನೊಬ್ಬ ಸುದ್ದಿ ಕಳಿಸಿದ. ಮುಂಬೈನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ಟನ್ನೂ ಫ್ಲ್ಯಾಗ್ ಫುಟ್‌ಬಾಲನ್ನೂ ಒಂದೇ ದಿನ ಸೇರಿಸಿತ್ತು. 'ನಿನ್ನ ಎರಡೂ ಆಟ ಒಲಿಂಪಿಕ್ಸ್‌ಗೆ ಹೋಯ್ತಲ್ಲೋ' ಎಂದು ಬರೆದಿದ್ದ. ನಾನು ಫೋನ್ ಮಗುಚಿಟ್ಟೆ.

ಗ್ರೂಪ್‌ನಿಂದ ತೆಗೆದ ವಾರ ಆಫೀಸಿನ ಊಟದ ಮೇಜಿನಲ್ಲಿ ನನ್ನ ಗೋಳು ಕೇಳಿದವನು ಇಲ್ಲಿಯ ಹಳಬ, ಇಲ್ಲಿಯ ವೃತ್ತಿಪರ ಫುಟ್‌ಬಾಲ್ ತಂಡ ಮಿನ್ನೆಸೋಟ ವೈಕಿಂಗ್ಸ್ ಅಂದರೆ ಪ್ರಾಣ ಬಿಡುವವನು. ಅವನು ಕ್ರಿಸ್ ಕಾರ್ಟರ್ ಕಥೆ ತೆಗೆದ. 1989ರಲ್ಲಿ ಫಿಲಡೆಲ್ಫಿಯ ಈಗಲ್ಸ್ ಪರ 11 ಟಚ್‌ಡೌನ್, ಅಂದರೆ ಗೋಲಿನ ಗೆರೆ ದಾಟಿಸಿ ಅಂಕ ತರುವ ಕ್ಯಾಚ್, ಹಿಡಿದ ಹುಡುಗ. ಮರುವರ್ಷ ಅದೇ ತಂಡ ಹೊರಗೆ ಹಾಕಿತು. ಕುಡಿತ ಮತ್ತು ಮಾದಕವಸ್ತು ಕಾರಣ ಅಂತ ಮುಂದೆ ಅವನೇ ಹೇಳಿಕೊಂಡ. ವೈಕಿಂಗ್ಸ್ ಅವನನ್ನು ಎತ್ತಿಕೊಂಡದ್ದು 100 ಡಾಲರ್ ಶುಲ್ಕಕ್ಕೆ. ನೂರೇ ನೂರು! 1994ರಲ್ಲಿ 122 ಕ್ಯಾಚ್, 1995ರಲ್ಲಿ ಮತ್ತೆ 122. ಆಟ ಬಿಡುವಾಗ ಒಟ್ಟು 1,101 ಕ್ಯಾಚ್, 130 ಟಚ್‌ಡೌನ್. 2013ರಲ್ಲಿ ಹಾಲ್ ಆಫ್ ಫೇಮ್, ಅಂದರೆ ಆಟದ ಮಹಾನರ ಗೌರವ ಪಟ್ಟಿ.

ಕೇಳಲು ಚೆನ್ನಾಗಿದೆ. ಆದರೆ ಎಲ್ಲರೂ ಹಾಗೆ ಮರಳುವುದಿಲ್ಲ, ಅದನ್ನೂ ಆ ಹಳಬನೇ ಹೇಳಿದ. ಕ್ಲೀವ್‌ಲ್ಯಾಂಡ್ ತಂಡದ ರಿಸೀವರ್ ಜಾಶ್ ಗಾರ್ಡನ್ 2013ರಲ್ಲಿ 14 ಪಂದ್ಯ ಮಾತ್ರ ಆಡಿ ಕ್ಯಾಚ್‌ಗಳಿಂದಲೇ 1,646 ಗಜ ಗಳಿಸಿ ಇಡೀ ಲೀಗ್‌ಗೆ ಮೊದಲಿಗನಾದ. ಆಮೇಲೆ ಅಮಾನತಿನ ಮೇಲೆ ಅಮಾನತು. ಬೇರೆ ಬೇರೆ ತಂಡಕ್ಕೆ ಮರಳಿ ಮರಳಿ ಬಂದ. ಆ 2013 ಮಾತ್ರ ಮರಳಿ ಬರಲಿಲ್ಲ.

ಅವರದು ಹೊಟ್ಟೆಪಾಡು, ನನ್ನದು ಭಾನುವಾರದ ಶೋಕಿ. ಹೋಲಿಸಿಕೊಳ್ಳುವುದೇ ತಪ್ಪು. ಆದರೂ ಆಫೀಸಿನ ಗೆಳೆಯ ಕೊನೆಗೆ ಕೇಳಿದ ಪ್ರಶ್ನೆ ನನಗೇ ಹೇಳಿ ಮಾಡಿಸಿದ ಹಾಗಿತ್ತು. "ಅದಿರಲಿ, ನೀನು ಎಷ್ಟು ಬಿಟ್ಟಿದ್ದೀಯ?"

ನನಗೆ ಗೊತ್ತಿರಲಿಲ್ಲ. ಹಿಡಿದದ್ದು ಪ್ರತಿಯೊಂದೂ ನೆನಪಿತ್ತು. ಬಿಟ್ಟದ್ದು ಆ ಒಂದೇ.

ನನ್ನ ಹೆಂಡತಿ ನಾಲ್ಕು ಪಂದ್ಯ ಫೋನಿನಲ್ಲಿ ಹಿಡಿದಿಟ್ಟಿದ್ದಳು. ಒಂದು ರಾತ್ರಿ ಮಗಳ ಹಳೇ ನೋಟ್‌ಬುಕ್ ತಗೊಂಡು ಕೂತೆ. ನನ್ನ ಕಡೆಗೆ ಬಂದ ಎಸೆತ 26. ಹಿಡಿದದ್ದು 17, ಬಿಟ್ಟದ್ದು 9. ಆ 9ರಲ್ಲಿ 7 ಸಲ ನನ್ನ ಹತ್ತಿರ ಯಾರೂ ಇಲ್ಲ. ಇನ್ನು ಹಾರಿ, ಬಿದ್ದು, ಮೈ ತಿರುಚಿ ಹಿಡಿಯಬೇಕಾದವು 5 ಇದ್ದವು. ಐದೂ ಹಿಡಿದಿದ್ದೆ. ನನ್ನ ಲೆಕ್ಕ ನನಗೇ ವಿಚಿತ್ರ ಅನಿಸಿತು. ಕಷ್ಟದ್ದು ಪೂರಾ ಸಿಗುತ್ತದೆ, ಸುಲಭದ್ದು ಬೀಳುತ್ತದೆ ಅಂದರೆ ಕೈಯದಂತೂ ತಪ್ಪಲ್ಲ, ಅಲ್ವಾ?

ಸೆಮಿಫೈನಲ್‌ನ ಕ್ಯಾಚನ್ನು ಒಂದೊಂದೇ ಚಿತ್ರವಾಗಿ ಮುಂದೆ ಸರಿಸಿ ನೋಡಿದೆ. ಚೆಂಡು ಕೈಯಿಂದ ಇನ್ನೂ ಒಂದು ಮೊಳ ದೂರ ಇದೆ. ನನ್ನ ಎರಡೂ ಕೈ ಸರಿಯಾದ ಜಾಗದಲ್ಲೇ ಇವೆ. ಆದರೆ ಮುಖ ಆಗಲೇ ಬಲಕ್ಕೆ ತಿರುಗಿದೆ. ಗದ್ದ ಭುಜದ ಮೇಲೆ, ಕಣ್ಣು ಗೋಲಿನ ಗೆರೆಯ ಮೇಲೆ. ಚೆಂಡು ಬರುವ ಮೊದಲೇ ನಾನು ಅದನ್ನು ಹಿಡಿದುಕೊಂಡು ಓಡಿಯಾಗಿದೆ! ಉಳಿದ ಆರನ್ನೂ ನೋಡಿದೆ. ಐದರಲ್ಲಿ ಇದೇ ಕಥೆ.

ಆಗ ಹೊಳೆಯಿತು. ಸ್ಲಿಪ್‌ನಲ್ಲಿ ಕ್ಯಾಚ್ ಹಿಡಿದರೆ ಅಲ್ಲಿಗೆ ಮುಗಿಯಿತು. ಚೆಂಡನ್ನು ಮೇಲೆ ಎಸೆದು ಕುಣಿಯಬಹುದು. ಇಲ್ಲಿ ಹಿಡಿದ ಮೇಲೆಯೇ ಕೆಲಸ ಶುರು. ಹಾರಿ ಬಿದ್ದು ಹಿಡಿಯುವಾಗ ಮುಂದೆ ಮಾಡಲು ಏನೂ ಇರುವುದಿಲ್ಲ, ಮಂಡಿ ನೆಲಕ್ಕೆ ತಾಗಿದರೆ ಓಟ ಮುಗಿದಂತೆ. ಹಾಗಾಗಿ ಕಣ್ಣು ಕೊನೆಯವರೆಗೂ ಚೆಂಡಿನ ಮೇಲೆ. ಸುಲಭದ ಚೆಂಡು ಬಂದಾಗ ಮುಂದೆ ಇಡೀ ಮೈದಾನ ಖಾಲಿ ಕಾಣುತ್ತದೆ. ಕಣ್ಣು ಅಲ್ಲಿಗೆ ಓಡುತ್ತದೆ. ಎರಡು ವರ್ಷ ಎಲ್ಲರೂ ನನಗೆ 'ಗಮನ ಕೊಡು' ಅಂದಿದ್ದರು. ಎಲ್ಲಿಗೆ ಕೊಡಬೇಕು, ಯಾವ ಕ್ಷಣದವರೆಗೆ ಕೊಡಬೇಕು ಅಂತ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ.

ಇದರ ಜೊತೆಗೆ ಇನ್ನೊಂದು ಹುಚ್ಚು. 2022ರ ನವೆಂಬರ್‌ನಲ್ಲಿ ವೈಕಿಂಗ್ಸ್‌ನ ಜಸ್ಟಿನ್ ಜೆಫರ್ಸನ್ ಬಫಲೊ ತಂಡದ ವಿರುದ್ಧ ನಾಲ್ಕನೇ ಡೌನ್‌ನಲ್ಲಿ, 18 ಗಜ ಬೇಕಿದ್ದಾಗ, ಎದುರಾಳಿಯ ಕೈಯಲ್ಲಿದ್ದ ಚೆಂಡನ್ನು ಒಂದೇ ಕೈಯಲ್ಲಿ ಕಿತ್ತುಕೊಂಡ. ನಮ್ಮ ಆಫೀಸಿನಲ್ಲಿ ಒಂದು ವಾರ ಕೆಲಸ ನಡೆಯಲಿಲ್ಲ ಅಂದರೂ ಸರಿ. ಅಲ್ಲಿಂದ ನಾನು ಅಭ್ಯಾಸಕ್ಕೆ ಹೋದಾಗೆಲ್ಲ ಒಂದು ಕೈಯ ಕ್ಯಾಚ್. ಅವನು ಎರಡು ಕೈಯಲ್ಲಿ ಎಷ್ಟು ಸಾವಿರ ಹಿಡಿದ ಮೇಲೆ ಅದನ್ನು ಮಾಡಿದ ಎಂಬ ಯೋಚನೆಯೇ ಬರಲಿಲ್ಲ. ನಾಚಿಕೆಯಾಗುತ್ತದೆ, ಬಿಡಿ.

ಕಣ್ಣನ್ನು ಕೂರಿಸುವುದು ಹೇಗೆ? ಇಲ್ಲಿ ಮಕ್ಕಳಿಗೆ ಟೆನಿಸ್ ಚೆಂಡಿನ ಮೇಲೆ ಅಂಕಿ ಬರೆದು ಎಸೆಯುತ್ತಾರೆ, ಹಿಡಿಯುವಾಗ ಅಂಕಿ ಓದಿ ಹೇಳಬೇಕು. ನಾನೂ ಒಂದು ಡಜನ್ ಚೆಂಡು ತಂದೆ. ಮಗಳಿಗೆ 8 ವರ್ಷ, ಶನಿವಾರದ ಕನ್ನಡ ಕ್ಲಾಸಿಗೆ ಹೋಗುತ್ತಾಳೆ. ಅಂಕಿ ಬೇಡ, ಅಕ್ಷರ ಬರೀತೀನಿ ಅಂದಳು. ಸರಿ ಎಂದೆ. ಅದೇ ಒಳ್ಳೆಯದಾಯಿತು. 3 ಮತ್ತು 7ನ್ನು ದೂರದಿಂದಲೇ ಗುರುತಿಸಬಹುದು. ಪ ಮತ್ತು ವ ಹಾಗಲ್ಲ. ದ ಮತ್ತು ಧ ಅಂತೂ ಹೊಟ್ಟೆ ಸೀಳಿದೆಯೋ ಇಲ್ಲವೋ ಅಂತ ಬೆರಳಿಗೆ ತಾಗುವವರೆಗೂ ನೋಡಲೇಬೇಕು.

ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಮೆಷಿನ್ ಪಕ್ಕ, ದಿನಾ 15 ನಿಮಿಷ. ಅವಳು ಎಸೆಯುತ್ತಾಳೆ, ನಾನು ಕೂಗುತ್ತೇನೆ.

"ದ!"

"ಅಲ್ಲ ಅಪ್ಪ, ಧ. ನೀನು ನೋಡ್ಲೇ ಇಲ್ಲ, ಸುಮ್ನೆ ಹೇಳ್ದೆ."

ಹಿಡಿದಿದ್ದೆ, ಆದರೂ ತಪ್ಪು. ಅವಳ ಲೆಕ್ಕದಲ್ಲಿ ಅದು ಡ್ರಾಪ್. ಮೊದಲ ವಾರ ನಾನು ಫೇಲಾದಷ್ಟು ಅವಳ ಕ್ಲಾಸಿನಲ್ಲಿ ಯಾರೂ ಆಗಿರಲಿಕ್ಕಿಲ್ಲ. ಮೂರನೇ ತಿಂಗಳಿಗೆ ಅವಳು ಬೇಸತ್ತಳು, ನಾನು ಲಂಚ ಕೊಡಲು ಶುರು ಮಾಡಿದೆ.

ಚೆಂಡು ಹಿಡಿಯುವ ರೀತಿಯೂ ಬದಲಾಗಬೇಕಿತ್ತು. ಕ್ರಿಕೆಟ್ ಚೆಂಡು 160 ಗ್ರಾಂ ಆಸುಪಾಸು, ದುಂಡಗೆ. ಬೊಗಸೆ ಒಡ್ಡಿ, ಕೈಯನ್ನು ಸ್ವಲ್ಪ ಹಿಂದಕ್ಕೆ ಕೊಟ್ಟರೆ ಬಂದು ಕೂರುತ್ತದೆ. ಇದು 400 ಗ್ರಾಂ ದಾಟುತ್ತದೆ, ಎರಡು ಕಡೆ ಮೂತಿ, ಗಿರಗಿರ ತಿರುಗುತ್ತಾ ಬರುತ್ತದೆ. ಹೊಟ್ಟೆಯ ಕೆಳಗೆ ಬಂದರೆ ಬೊಗಸೆ ಸರಿ, ಕಿರುಬೆರಳು ಎರಡೂ ಕೂಡಿರಬೇಕು. ಎದೆಯ ಮಟ್ಟಕ್ಕೆ ಅಥವಾ ಮೇಲಕ್ಕೆ ಬಂದರೆ ಅಂಗೈ ಚೆಂಡಿನ ಕಡೆಗೆ, ಎರಡು ಹೆಬ್ಬೆರಳು ಕೂಡಿ, ಎರಡು ತೋರುಬೆರಳು ಕೂಡಿ ನಡುವೆ ಒಂದು ಕಿಟಕಿ. ಆ ಕಿಟಕಿಯಲ್ಲಿ ಚೆಂಡಿನ ಮೂತಿ ಕಾಣಬೇಕು. ನಾನು ಎದೆಯ ಚೆಂಡಿಗೂ ಬೊಗಸೆ ಒಡ್ಡಿ ಮೈಗೆ ಒತ್ತಿಕೊಳ್ಳುತ್ತಿದ್ದೆ. ಎದೆಗೂಡಿಗೆ ಬಡಿದು ಪುಟಿಯದೆ ಇನ್ನೇನಾಗುತ್ತದೆ?

ಇದಕ್ಕೆ ನನಗೆ ಸಿಕ್ಕ ದೊಡ್ಡ ಸಹಾಯ ಕಿವಿ. ಅಂಗೈಗೆ ಬಡಿದರೆ ಚಪ್ಪಾಳೆಯ ಹಾಗೆ 'ಚಟ್' ಎನ್ನುತ್ತದೆ. ಬೆರಳಿನಲ್ಲಿ ಸಿಕ್ಕರೆ ಮೆತ್ತಗೆ ಒಂದು 'ಥಪ್', ಅಷ್ಟೇ. ಪಾರ್ಕಿನಲ್ಲಿ ಗೆಳೆಯನೊಬ್ಬ ಎಸೆಯುತ್ತಿದ್ದಾಗ ನಾನು ಸದ್ದು ಮಾತ್ರ ಎಣಿಸುತ್ತಿದ್ದೆ. ದೊಡ್ಡ ತಂಡಗಳಲ್ಲಿ ಚೆಂಡು ಉಗುಳುವ ಮೆಷಿನ್ ಇರುತ್ತದೆ, ಅದರ ಬೆಲೆ ನೋಡಿ ಆಸೆ ಬಿಟ್ಟೆ. ಗ್ಲೌಸು ಹಾಕದೆ ಅಭ್ಯಾಸ ಮಾಡಿದೆ. ಅಂಟುವ ಗ್ಲೌಸು ಕೆಟ್ಟ ಅಭ್ಯಾಸವನ್ನು ಮುಚ್ಚಿಡುತ್ತದೆ, ಮಳೆ ಬಂದ ದಿನ ಅದೂ ಕೈಕೊಡುತ್ತದೆ.

ಇಷ್ಟಾದರೂ ನಾನು ಅರ್ಧ ಮಾತ್ರ ಕಂಡುಕೊಂಡಿದ್ದೆ. ಉಳಿದರ್ಧ ಗೊತ್ತಾಗಿದ್ದು ಮಗಳ ಶಾಲೆಯ ಮಕ್ಕಳಿಗೆ ಒಂದು ಸಂಜೆ ನಾನೇ ಕ್ವಾರ್ಟರ್‌ಬ್ಯಾಕ್ ಆದಾಗ. ಒಬ್ಬ ಹುಡುಗ ಚಿಗರೆ ಹಾಗೆ ಓಡುತ್ತಿದ್ದ. 5 ಗಜ ಓಡಿ ತಿರುಗು ಅಂದರೆ ಒಮ್ಮೆ 4 ಗಜಕ್ಕೆ ತಿರುಗುತ್ತಾನೆ, ಒಮ್ಮೆ 7ಕ್ಕೆ, ಒಮ್ಮೆ ಖಾಲಿ ಜಾಗ ಕಂಡಿತು ಅಂತ ಎಡಕ್ಕೇ ಹೊರಟುಬಿಡುತ್ತಾನೆ. ಚೆಂಡನ್ನು ಅವನು ತಿರುಗುವ ಮೊದಲೇ ಕೈಬಿಡಬೇಕು, ಇಲ್ಲವಾದರೆ ಎದುರಾಳಿ ಮುಟ್ಟುತ್ತಾನೆ. ಎಲ್ಲಿಗೆ ಅಂತ ಎಸೆಯಲಿ? ಅವನ ಪಕ್ಕದಲ್ಲಿ ನಿಧಾನಕ್ಕೆ ಓಡುವ ಒಬ್ಬಳು ಹುಡುಗಿ ಇದ್ದಳು. ಪ್ರತಿ ಸಲ ಅದೇ 5 ಗಜ. ಅರ್ಧ ಗಂಟೆಯಲ್ಲಿ ನಾನು ಆ ಚಿಗರೆಯ ಕಡೆ ನೋಡುವುದನ್ನೇ ಬಿಟ್ಟಿದ್ದೆ.

ಮನೆಗೆ ಬಂದು ವಿಡಿಯೊ ಮತ್ತೆ ಹಾಕಿದೆ. ನಾನು ಎಣಿಸದೇ ಇದ್ದದ್ದು ಅಲ್ಲಿತ್ತು. ನಮ್ಮ ಕ್ವಾರ್ಟರ್‌ಬ್ಯಾಕ್ ಎಸೆದು ಎದುರಾಳಿ ಹಿಡಿದ 4 ಚೆಂಡಿನಲ್ಲಿ 3 ನಾನು ಇರಬೇಕಿದ್ದ ಜಾಗಕ್ಕೇ ಹೋಗಿದ್ದವು. ಆ ಜಾಗದಲ್ಲಿ ನಾನಿರಲಿಲ್ಲ. ಆ ತಪ್ಪು ಅವನ ಹೆಸರಿಗೆ ಬಿದ್ದಿತ್ತು, ನಾನು ಅವನ ಬೆನ್ನು ತಟ್ಟಿ 'ಪರವಾಗಿಲ್ಲ ಬಿಡು' ಅಂದಿದ್ದೆ ಬೇರೆ.

ಆಮೇಲೆ ಹೆಜ್ಜೆ ಎಣಿಸಿದೆ. ಪಾರ್ಕಿನಲ್ಲಿ ಟೇಪ್ ಹಿಡಿದು 5 ಗಜಕ್ಕೆ ಒಂದು ಚಪ್ಪಲಿ, 10 ಗಜಕ್ಕೆ ಇನ್ನೊಂದು. ಎಡಗಾಲು ಮುಂದಿಟ್ಟು ಹೊರಟು, ಇಷ್ಟನೇ ಹೆಜ್ಜೆಗೆ ತಿರುಗಬೇಕು ಅಂತ ಕಾಲಿಗೆ ಬಾಯಿಪಾಠ ಆಗುವವರೆಗೆ. ಇದರಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ.

ಇನ್ನೊಂದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. 2023ರಲ್ಲಿ ನಾನು 8 ಪಂದ್ಯದಲ್ಲಿ ಎರಡಕ್ಕೆ ಹೋಗಿರಲಿಲ್ಲ, ಮೂರಕ್ಕೆ ತಡವಾಗಿ ಹೋಗಿದ್ದೆ. ಆಫೀಸಿನ ಕರೆ, ಹಿಂದಿನ ರಾತ್ರಿಯ ಪಾರ್ಟಿ, ಒಮ್ಮೆ ಸುಮ್ನೆ ನಿದ್ದೆ. ಚೆನ್ನಾಗಿ ಆಡುವವನಿಗೆ ಇಷ್ಟು ರಿಯಾಯಿತಿ ಇರುತ್ತದೆ ಅಂದುಕೊಂಡಿದ್ದೆ.

2025ರ ವಸಂತಕ್ಕೆ ತಂಡವಿಲ್ಲದವರ ಪಟ್ಟಿಯಲ್ಲಿ ಹೆಸರು ಬರೆಸಿದೆ. ಜನ ಕಡಿಮೆ ಬಿದ್ದ ತಂಡಗಳು ಅದರಿಂದ ಆರಿಸಿಕೊಳ್ಳುತ್ತವೆ. ಎರಡು ವಾರ ಯಾರೂ ಕರೆಯಲಿಲ್ಲ. ಮೂರನೇ ಶನಿವಾರ ರಾತ್ರಿ ಒಂದು ತಂಡದಿಂದ ಫೋನ್ ಬಂತು. ಕ್ವಾರ್ಟರ್‌ಬ್ಯಾಕ್ 50 ದಾಟಿದ ಶಾಲಾ ಮೇಷ್ಟ್ರು. ಉಳಿದ 6 ಪಂದ್ಯದಲ್ಲಿ ಯಾವ ಯಾವುದಕ್ಕೆ ಬರುತ್ತೇನೆ ಅಂತ ತಾರೀಖು ಸಮೇತ ಮೊದಲೇ ಬರೆದು ಕಳಿಸಿದೆ. ಐದು. ಆ ಐದಕ್ಕೂ ಅರ್ಧ ಗಂಟೆ ಮೊದಲೇ ಹೋದೆ.

ಮೊದಲ ಪಂದ್ಯದ ಬೆಳಿಗ್ಗೆ ಮೈದಾನದಲ್ಲಿ ಚಳಿ. ಚೆಂಡು ಕಲ್ಲಿನ ಹಾಗಿತ್ತು. ನನಗೆ ಬಂದ ಮೊದಲ ಎಸೆತ, 5 ಗಜ ಓಡಿ ತಿರುಗಿದರೆ ಚೆಂಡು ಎದೆಯ ಮಟ್ಟದಲ್ಲಿ, ಹತ್ತಿರ ಯಾರೂ ಇಲ್ಲ. ಬಿಟ್ಟೆ.

ಮೇಷ್ಟ್ರು ನನ್ನ ಮುಖ ನೋಡಿದರು. "ಜಾಗ ಸರಿ ಇತ್ತು. ಮತ್ತೆ ಅಲ್ಲಿಗೇ ಹೋಗ್ತೀಯಾ?"

"ಹೋಗ್ತೀನಿ."

ಅವರು ಮತ್ತೆ ಅಲ್ಲಿಗೇ ಎಸೆದರು. ಕಿಟಕಿಯಲ್ಲಿ ಚೆಂಡಿನ ಹೊಲಿಗೆ ಕಂಡಿತು. ಥಪ್. ತಕ್ಷಣ ಪಟ್ಟಿ ಕಿತ್ತರು, 5 ಗಜಕ್ಕಿಂತ ಒಂದಿಂಚು ಜಾಸ್ತಿ ಸಿಗಲಿಲ್ಲ.

ಆ ಸೀಸನ್‌ನಲ್ಲಿ ನನ್ನ ಕಡೆ ಬಂದದ್ದು 31, ಬಿಟ್ಟದ್ದು 4. ಹಾರಿ ಹಿಡಿದದ್ದು ಒಂದೇ, ಅದರ ವಿಡಿಯೊ ಯಾರೂ ತೆಗೆದಿಲ್ಲ. ನಾವು ಸೆಮಿಫೈನಲ್‌ಗೆ ಹೋಗಲಿಲ್ಲ. ಮುಂದಿನ ಸೀಸನ್ನಿನ ಪಟ್ಟಿ ಮಾಡುವಾಗ ಮೇಷ್ಟ್ರು ಕೇಳದೆಯೇ ನನ್ನ ಹೆಸರು ಸೇರಿಸಿದ್ದರು. ಟೆನಿಸ್ ಚೆಂಡುಗಳ ಮೇಲಿನ ಅಕ್ಷರ ಪೂರ್ತಿ ಅಳಿಸಿಹೋಗಿವೆ. ಮಗಳ ಕ್ಲಾಸಿನಲ್ಲಿ ಈಗ ಒತ್ತಕ್ಷರ ನಡೆಯುತ್ತಿದೆಯಂತೆ. ಹೊಸ ಚೆಂಡು ತಂದುಕೊಡು ಅಂತ ಹಿಂದೆ ಬಿದ್ದಿದ್ದಾಳೆ.