ಬೇರೆ ದೇಶದ ಹವಾಮಾನ ಬದಲಾವಣೆ ವರದಿ ಪರಿಶೀಲಿಸುವ ಕೆಲಸ: ನನ್ನ ಅನುಭವ

ಯಾವ ದೇಶದ ವರದಿ ನೋಡಿದೆ ಅಂತ ಇಲ್ಲಿ ಹೇಳುವುದಿಲ್ಲ. ಪರಿಶೀಲನೆಗೆ ಸೇರುವಾಗಲೇ ಗೋಪ್ಯತೆ ಕಾಪಾಡುತ್ತೇವೆ ಅಂತ ಸಹಿ ಹಾಕಿರುತ್ತೇವೆ. ಆದರೆ ಕೆಲಸ ಹೇಗೆ ನಡೆಯುತ್ತದೆ ಅನ್ನುವುದು ಗುಟ್ಟೇನಲ್ಲ. ಅದರ ನಿಯಮಗಳನ್ನು ಯಾರು ಬೇಕಾದರೂ ಓದಬಹುದು. ಓದುವವರು ಕಡಿಮೆ, ಅಷ್ಟೇ.

2015ರ ಪ್ಯಾರಿಸ್ ಒಪ್ಪಂದದ 13ನೇ ವಿಧಿ ಹೇಳುವುದು ಇಷ್ಟು: ದೇಶಗಳು ತಾವು ಎಷ್ಟು ಹಸಿರುಮನೆ ಅನಿಲ ಹೊರಬಿಟ್ಟೆವು, ಕೊಟ್ಟ ಮಾತು ಎಷ್ಟು ನಡೆಸಿದೆವು ಅಂತ ವರದಿ ಕೊಡಬೇಕು, ಆ ವರದಿಯನ್ನು ಪರಿಣತರು ಪರಿಶೀಲಿಸಬೇಕು. ಅದರ ವಿವರವಾದ ನಿಯಮಗಳು 2018ರಲ್ಲಿ ಪೋಲೆಂಡಿನ ಕಟೊವಿಟ್ಸೆಯಲ್ಲಿ ಒಪ್ಪಿಗೆಯಾದವು. ಎರಡು ವರ್ಷಕ್ಕೊಮ್ಮೆ ಬರುವ ಈ ವರದಿಗೆ ನಾವು ಬಿಟಿಆರ್ (ಬೈಎನಿಯಲ್ ಟ್ರಾನ್ಸ್‌ಪರೆನ್ಸಿ ರಿಪೋರ್ಟ್) ಅನ್ನುತ್ತೇವೆ. ಮೊದಲನೆಯದಕ್ಕೆ ಗಡುವು 2024ರ ಡಿಸೆಂಬರ್ 31 ಇತ್ತು. ನಾನು ಕೃಷಿ ವಿಭಾಗ ನೋಡುವವಳು. ಅಂದರೆ ಹಸು, ಸಗಣಿ, ಭತ್ತದ ಗದ್ದೆ, ಯೂರಿಯಾ.

ತಂಡಕ್ಕೆ ಸೇರುವ ದಾರಿ ಸರಳ, ಆದರೆ ನಿಧಾನ. ನಮ್ಮ ಸರ್ಕಾರ ನಮ್ಮ ಹೆಸರನ್ನು ಪರಿಣತರ ಪಟ್ಟಿಗೆ ಕಳಿಸಬೇಕು. ಆಮೇಲೆ ಆನ್‌ಲೈನ್ ಕೋರ್ಸು, ಪರೀಕ್ಷೆ. ಪಾಸಾದ ಮೇಲೆ ಜರ್ಮನಿಯ ಬಾನ್‌ನಲ್ಲಿರುವ ವಿಶ್ವಸಂಸ್ಥೆಯ ಹವಾಮಾನ ಸಚಿವಾಲಯದಿಂದ ಕರೆ ಬರಬಹುದು. ಪ್ರತಿ ತಂಡಕ್ಕೂ ಇಬ್ಬರು ಮುಖ್ಯ ಪರಿಶೀಲಕರು. ಒಬ್ಬರು ಮುಂದುವರಿದ ದೇಶದವರು, ಇನ್ನೊಬ್ಬರು ಅಭಿವೃದ್ಧಿಶೀಲ ದೇಶದವರು. ನಮ್ಮ ದೇಶದ ವರದಿಯನ್ನು ನಾವೇ ನೋಡುವ ಹಾಗಿಲ್ಲ. ಸರ್ಕಾರ ಹೆಸರು ಕಳಿಸಿದ್ದರೂ ನಾವು ಅಲ್ಲಿ ಸರ್ಕಾರದ ಪ್ರತಿನಿಧಿಗಳಲ್ಲ, ಸ್ವಂತ ನೆಲೆಯಲ್ಲಿ ಕೂತಿರುತ್ತೇವೆ. ಇದಕ್ಕೆ ಸಂಬಳ ಸಿಗುತ್ತದೆ ಅಂದುಕೊಂಡವರಿಗೆ ನಿರಾಸೆ ಕಾದಿದೆ. ಆಫೀಸಿನ ಕೆಲಸ ಆಫೀಸಿನಲ್ಲೇ ಬಾಕಿ ಇರುತ್ತದೆ, ವಾಪಸ್ ಬಂದು ಮಾಡಬೇಕು.

ವರದಿ ಕೈಗೆ ಬಂದಾಗ ನಾನು ಮೊದಲ ಪುಟದಿಂದ ಓದುವುದಿಲ್ಲ. ನೇರ ಕೋಷ್ಟಕಗಳನ್ನು ತೆರೆಯುತ್ತೇನೆ. ಪಠ್ಯವನ್ನು ಚೆನ್ನಾಗಿ ಬರೆಯುವ ಸಲಹೆಗಾರರು ಎಲ್ಲ ಕಡೆ ಸಿಗುತ್ತಾರೆ. ಕೋಷ್ಟಕವನ್ನು ಹಾಗೆ ಚೆಂದ ಮಾಡೋಕೆ ಆಗುವುದಿಲ್ಲ.

ಮೊದಲು ಮಾಡುವುದು ಒಂದು ಭಾಗಾಕಾರ. ಹಸುಗಳಿಂದ ಬಂದ ಒಟ್ಟು ಮೀಥೇನನ್ನು ಹಸುಗಳ ಸಂಖ್ಯೆಯಿಂದ ಭಾಗಿಸಿದರೆ, ಒಂದು ಹಸುವಿಗೆ ವರ್ಷಕ್ಕೆ ಎಷ್ಟು ಕಿಲೋ ಅಂತ ಸಿಗುತ್ತದೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಪರಿಣತರ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿಯಲ್ಲಿ ಇದಕ್ಕೆ ಸಿದ್ಧ ಅಂಕಿಗಳಿವೆ. ಹಾಲು ಕೊಡುವ ಹಸುವಿಗೆ ಉತ್ತರ ಅಮೆರಿಕದಲ್ಲಿ 128, ಲ್ಯಾಟಿನ್ ಅಮೆರಿಕದಲ್ಲಿ 72, ಏಷ್ಯಾದಲ್ಲಿ 68, ಆಫ್ರಿಕಾದಲ್ಲಿ 46. ಹೆಚ್ಚು ತಿಂದು ಹೆಚ್ಚು ಹಾಲು ಕೊಡುವ ಹಸು ಹೆಚ್ಚು ಮೀಥೇನ್ ಬಿಡುತ್ತದೆ. ಒಂದು ದೇಶದ ಸಂಖ್ಯೆ ವರ್ಷವರ್ಷದ ಅಂಕಿಗಳ ಇಡೀ ಸರಣಿಯಲ್ಲಿ ಒಂದೇ ಇದ್ದರೆ ಸಿದ್ಧ ಅಂಕಿ ಬಳಸಿದ್ದಾರೆ ಅಂತ ಅರ್ಥ. ನಡುವೆ ಎಲ್ಲೋ ದಿಢೀರನೆ ಜಿಗಿದರೆ ಅಲ್ಲಿ ಒಂದು ಕಥೆ ಇದೆ ಅಂತ ಅರ್ಥ.

ಒಂದು ವರದಿಯಲ್ಲಿ ಹಸುವಿನ ಲೆಕ್ಕವೇ ವಿಚಿತ್ರವಾಗಿತ್ತು. ಒಂದು ವರ್ಷದಿಂದ ಮುಂದಿನ ವರ್ಷಕ್ಕೆ ಹಾಲು ಕೊಡುವ ಹಸುಗಳ ಸಂಖ್ಯೆ ಹತ್ತಿರ ಹತ್ತಿರ ಕಾಲು ಭಾಗ ಇಳಿದಿತ್ತು. ಹೊರಸೂಸುವಿಕೆಯೂ ಅಷ್ಟೇ ಇಳಿದಿತ್ತು. ಇನ್ನೊಂದು ಅಧ್ಯಾಯದಲ್ಲಿ ಹಾಲಿನ ಉತ್ಪಾದನೆ ಏರುತ್ತಿದೆ ಅಂತ ಹೆಮ್ಮೆಯಿಂದ ಬರೆದಿದ್ದರು. ರೋಗ, ಬರ ಯಾವುದರ ಪ್ರಸ್ತಾಪವೂ ಇಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒದ ಅಂಕಿಅಂಶ ಪಕ್ಕದಲ್ಲಿಟ್ಟು ನೋಡಿದೆ. ಅಲ್ಲಿ ಅಂಥ ಕುಸಿತ ಇರಲಿಲ್ಲ.

ಇಲ್ಲಿ ಪ್ರಶ್ನೆ ಬರೆಯುವುದೇ ದೊಡ್ಡ ಕೆಲಸ. ‘ನಿಮ್ಮ ಹಸುಗಳ ಸಂಖ್ಯೆ ಸರಿಯಿಲ್ಲ, ಯಾಕೆ?’ ಅಂತ ಕೇಳಿದರೆ ಉತ್ತರವಾಗಿ ಸಮರ್ಥನೆ ಬರುತ್ತದೆ. ನಾನು ಬರೆದದ್ದು ಹೆಚ್ಚುಕಡಿಮೆ ಹೀಗೆ: ‘ಕೋಷ್ಟಕ 3.ಎ ಪ್ರಕಾರ ಈ ಎರಡು ವರ್ಷಗಳ ನಡುವೆ ಹಸುಗಳ ಸಂಖ್ಯೆ ಸುಮಾರು ಕಾಲು ಭಾಗ ಕಡಿಮೆಯಾಗಿದೆ. ಇದೇ ಅವಧಿಯಲ್ಲಿ ಹಾಲಿನ ಉತ್ಪಾದನೆ ಹೆಚ್ಚಿದೆ ಎಂದು ವರದಿಯಲ್ಲಿದೆ. ಈ ಇಳಿಕೆಗೆ ಕಾರಣ ತಿಳಿಸುವಿರಾ? ಅಂಕಿಗಳ ಮೂಲ ಬದಲಾಗಿದ್ದರೆ ಹಳೆಯ ಸರಣಿಗೂ ಹೊಸ ಸರಣಿಗೂ ಹೇಗೆ ಹೊಂದಿಸಿದಿರಿ?’ ಪುಟ, ಕೋಷ್ಟಕ, ವರ್ಷ ಎಲ್ಲ ಇರಬೇಕು. ಉತ್ತರ ಕೊಡುವವರು ನಮ್ಮ ಮನಸ್ಸಿನಲ್ಲಿರುವುದನ್ನು ಊಹಿಸುವ ಹಾಗೆ ಆಗಬಾರದು. ಮೊದಲ ಸುತ್ತಿನ ಪ್ರಶ್ನೆಗಳು, ತಂಡ ಕೂತು ವರದಿ ನೋಡುವ ಪರಿಶೀಲನಾ ವಾರಕ್ಕೆ ಕನಿಷ್ಠ ನಾಲ್ಕು ವಾರ ಮುಂಚೆ ಹೋಗಬೇಕು. ದೇಶ ಎರಡು ವಾರದಲ್ಲಿ ಉತ್ತರಿಸಲು ಪ್ರಯತ್ನಿಸುತ್ತದೆ.

ಉತ್ತರ ಬಂತು. ಹಳೆಯ ಅಂಕಿಗಳು ಪಶುವೈದ್ಯ ಇಲಾಖೆಯ ವಾರ್ಷಿಕ ಅಂದಾಜು. ಹೊಸವು ಕೃಷಿ ಗಣತಿಯವು. ಗಣತಿಯಲ್ಲಿ ಒಂದೆರಡು ಹಸು ಸಾಕುವ ಸಣ್ಣ ಮನೆಗಳನ್ನು ಸೇರಿಸಿರಲಿಲ್ಲ. ಹಸು ಎಲ್ಲೂ ಹೋಗಿರಲಿಲ್ಲ, ಎಣಿಸುವವರು ಅವುಗಳ ಮನೆಗೆ ಹೋಗಿರಲಿಲ್ಲ, ಅಷ್ಟೇ. ಆದರೆ ಕಾಗದದ ಮೇಲೆ ಆ ದೇಶದ ಮೀಥೇನ್ ಒಂದೇ ವರ್ಷದಲ್ಲಿ ಇಳಿದುಬಿಟ್ಟಿತ್ತು. ಇದಕ್ಕೆ ಐಪಿಸಿಸಿ ಮಾರ್ಗಸೂಚಿಯಲ್ಲೇ ಪರಿಹಾರ ಇದೆ. ಎರಡೂ ಮೂಲಗಳ ಅಂಕಿ ಇರುವ ವರ್ಷಗಳನ್ನು ಹಿಡಿದು, ಅವುಗಳ ನಡುವಿನ ಅನುಪಾತ ನೋಡಿ, ಒಂದು ಸರಣಿಯನ್ನು ಇನ್ನೊಂದಕ್ಕೆ ಹೊಂದಿಸಬೇಕು. ಅಂಥ ವರ್ಷಗಳು ಅವರ ಹತ್ತಿರ ಇದ್ದವು. ವರದಿ ಬರೆದವರಿಗೆ ಅದು ಗೊತ್ತಿರಲಿಲ್ಲ, ಯಾಕೆಂದರೆ ಆ ಫೈಲು ಇನ್ನೊಂದು ಇಲಾಖೆಯಲ್ಲಿತ್ತು.

ಖಾಲಿ ಜಾಗಗಳನ್ನೂ ಹೀಗೇ ನೋಡುತ್ತೇನೆ. ಸಂಖ್ಯೆ ಇಲ್ಲದ ಕಡೆ ಸಂಕೇತ ಹಾಕಬೇಕು. ಎನ್‌ಓ ಅಂದರೆ ಆ ಚಟುವಟಿಕೆ ಇಡೀ ದೇಶದಲ್ಲಿ ಇಲ್ಲ. ಎನ್‌ಇ ಅಂದರೆ ಇರಬಹುದು, ನಾವು ಲೆಕ್ಕ ಹಾಕಿಲ್ಲ. ಐಇ ಅಂದರೆ ಬೇರೆ ಕಡೆ ಸೇರಿಸಿದ್ದೇವೆ. ಬೆಳೆಯ ಕೂಳೆ ಸುಡುವ ಸಾಲಿನಲ್ಲಿ ಎನ್‌ಓ ಕಂಡರೆ ನನಗೆ ಕಿವಿ ನೆಟ್ಟಗಾಗುತ್ತದೆ. ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ: ‘ನಮ್ಮಲ್ಲಿ ಕೂಳೆ ಸುಡುವುದನ್ನು ಕಾನೂನು ನಿಷೇಧಿಸಿದೆ.’ ಸರಿ, ಆದರೆ ಕಾನೂನು ಇದ್ದ ಮಾತ್ರಕ್ಕೆ ಬೆಂಕಿ ಆರಿತು ಅಂತ ಆಗುವುದಿಲ್ಲ ಅಲ್ವಾ? ತಪಾಸಣೆಯ ದಾಖಲೆ ಇದೆಯಾ, ಉಪಗ್ರಹದ ಮಾಹಿತಿ ನೋಡಿದ್ದೀರಾ ಅಂತ ಮುಂದಿನ ಪ್ರಶ್ನೆ ಹೋಗುತ್ತದೆ. ಹೊರಸೂಸುವಿಕೆ ತೀರಾ ಸಣ್ಣದು ಅಂತ ತೋರಿಸಿದರೆ ಎನ್‌ಇ ಹಾಕಿಯೂ ಬಿಡಬಹುದು. ಅದಕ್ಕೆ ಮಿತಿ ದೇಶದ ಒಟ್ಟು ಹೊರಸೂಸುವಿಕೆಯ 0.05 ಶೇಕಡಾ ಅಥವಾ 500 ಕಿಲೋಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದಷ್ಟು, ಇವೆರಡರಲ್ಲಿ ಯಾವುದು ಕಡಿಮೆಯೋ ಅದು.

ಹೊಸಬರು ಎಡವುವ ಒಂದು ಜಾಗ ಹೇಳಿಬಿಡುತ್ತೇನೆ. ಹಳೆಯ ವರದಿಗೂ ಹೊಸ ವರದಿಗೂ ಒಟ್ಟು ಮೊತ್ತ ಹೋಲಿಸಿ ‘ಕೃಷಿಯಿಂದ ಹೊರಸೂಸುವಿಕೆ ಜಾಸ್ತಿಯಾಗಿದೆ’ ಅಂತ ಬರೆಯಲು ಹೊರಡುತ್ತಾರೆ. ಮೊದಲು ಒಂದು ಟನ್ ಮೀಥೇನನ್ನು 25 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ ಅಂತ ಹಿಡಿಯುತ್ತಿದ್ದರು. ಅದಕ್ಕೂ ಮುಂಚೆ 21 ಇತ್ತು. ಈಗಿನ ನಿಯಮದಲ್ಲಿ 28. ನೈಟ್ರಸ್ ಆಕ್ಸೈಡ್ ಮಾತ್ರ 298ರಿಂದ 265ಕ್ಕೆ ಇಳಿದಿದೆ. ಒಂದು ಹಸುವೂ ಹೆಚ್ಚದೆ ಮೀಥೇನ್ ಮೊತ್ತ ಏರಬಹುದು. ಹಾಗಾಗಿ ನಾನು ಯಾವಾಗಲೂ ಅನಿಲದ ಟನ್ ಲೆಕ್ಕವನ್ನೇ ಹೋಲಿಸುತ್ತೇನೆ, ಇಂಗಾಲದ ಡೈಆಕ್ಸೈಡ್‌ಗೆ ಸಮ ಅಂತ ಪರಿವರ್ತಿಸಿದ ಅಂಕಿಯನ್ನಲ್ಲ.

ಗೆಳೆಯರು ಕೇಳುವ ಪ್ರಶ್ನೆ ಬೇರೆಯೇ. ‘ಆ ದೇಶದ ಗುರಿ ತುಂಬಾ ಚಿಕ್ಕದು ಅಂತ ನೀವು ಬರೆಯಬಾರದಾ?’ ಬರೆಯುವ ಹಾಗಿಲ್ಲ. ದೇಶದ ಗುರಿ ಸಾಕೋ ಸಾಲದೋ, ಅದರ ಕ್ರಮಗಳು ಸಾಕೋ ಸಾಲದೋ ಅನ್ನುವುದು ನಮ್ಮ ಕೆಲಸದ ಹೊರಗಿನದು. ರಾಜಕೀಯ ತೀರ್ಪು ಕೊಡಬಾರದು ಅಂತ ನಿಯಮದಲ್ಲೇ ಇದೆ. ಗುರಿ ಯಾವುದು, ಅದನ್ನು ಅಳೆಯಲು ಯಾವ ಸೂಚ್ಯಂಕ ಆರಿಸಿದ್ದಾರೆ, ಮೂಲ ವರ್ಷದ ಅಂಕಿ ಏನು, ಈಗ ಎಲ್ಲಿದ್ದಾರೆ, ಇಷ್ಟನ್ನು ಓದುವವರಿಗೆ ಅರ್ಥವಾಗುವಂತೆ ಬರೆದಿದ್ದಾರಾ ಅಂತ ನೋಡುತ್ತೇವೆ. ಇದು ಕಡಿಮೆ ಕೆಲಸ ಅಂತ ನನಗೆ ಅನಿಸಿಲ್ಲ. ಗುರಿಯನ್ನು ಟೀಕಿಸಲು ಹೊರಗೆ ಬೇಕಾದಷ್ಟು ಜನ ಇದ್ದಾರೆ, ಅವರ ಕೈಗೆ ನಂಬಬಹುದಾದ ಅಂಕಿ ಸಿಗಬೇಕಲ್ಲ?

ಸಡಿಲಿಕೆಯ ವಿಷಯದಲ್ಲೂ ಹೀಗೇ. ಸಾಮರ್ಥ್ಯ ಸಾಲದ ಅಭಿವೃದ್ಧಿಶೀಲ ದೇಶಗಳು ಕೆಲವು ನಿಯಮಗಳಲ್ಲಿ ಸಡಿಲಿಕೆ ತೆಗೆದುಕೊಳ್ಳಬಹುದು. ಉದಾಹರಣೆಗೆ ಕೊನೆಯ ವರ್ಷದ ಲೆಕ್ಕ ವರದಿ ಕೊಡುವುದಕ್ಕಿಂತ ಎರಡು ವರ್ಷಕ್ಕಿಂತ ಹೆಚ್ಚು ಹಿಂದಿನದಾಗಿರಬಾರದು, ಸಡಿಲಿಕೆ ಬೇಕಾದವರಿಗೆ ಮೂರು. ಯಾವ ನಿಯಮದಲ್ಲಿ ತೆಗೆದುಕೊಂಡೆವು, ಏನು ಕೊರತೆ, ಯಾವಾಗ ಸರಿಮಾಡುತ್ತೇವೆ ಅಂತ ಅವರು ಬರೆಯಬೇಕು. ಬರೆದಿಲ್ಲದಿದ್ದರೆ ಕೇಳಬಹುದು. ‘ನಿಮಗೆ ನಿಜಕ್ಕೂ ಇದು ಬೇಕಿತ್ತಾ?’ ಅಂತ ಕೇಳಬಾರದು. ತಂಡದಲ್ಲಿ ಒಬ್ಬರಾದರೂ ಅದನ್ನು ಕೇಳಲು ತುದಿಗಾಲಲ್ಲಿ ನಿಂತಿರುತ್ತಾರೆ, ಮುಖ್ಯ ಪರಿಶೀಲಕರು ಕರಡಿನಲ್ಲೇ ಅಳಿಸುತ್ತಾರೆ.

ಪರಿಶೀಲನಾ ವಾರ ಅಂದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಸ್ಪ್ರೆಡ್‌ಶೀಟು. ಕೆಲವು ಸಲ ತಂಡವೇ ಆ ದೇಶಕ್ಕೆ ಹೋಗುತ್ತದೆ, ಕೆಲವು ಸಲ ಎಲ್ಲರೂ ಒಂದೇ ಕಡೆ ಕೂತು ಕೆಲವು ದೇಶಗಳ ವರದಿ ನೋಡುತ್ತೇವೆ. ನನಗೆ ಮೊದಲನೆಯದೇ ಇಷ್ಟ. ಆ ಕಡೆ ಕೂತಿರುವವರು ಯಾರು ಅಂತ ಅಲ್ಲಿ ಗೊತ್ತಾಗುತ್ತದೆ. ದೊಡ್ಡ ಇಲಾಖೆ ಅಂದುಕೊಂಡಿದ್ದ ಕಡೆ ಒಬ್ಬ ಹುಡುಗಿ, ಒಂದು ಲ್ಯಾಪ್‌ಟಾಪ್, ಹಿಂದಿನವರು ಬಿಟ್ಟುಹೋದ ಒಂದು ಎಕ್ಸೆಲ್ ಫೈಲು. ಸೂತ್ರಗಳಿಲ್ಲ, ಬರೀ ಅಂಕಿಗಳು ಅಂಟಿಸಿದ್ದು. ಆ ಅಂಕಿ ಎಲ್ಲಿಂದ ಬಂತು ಅಂತ ನಾನು ಕೇಳಿದರೆ ಅವಳಿಗೂ ಅದೇ ಪ್ರಶ್ನೆ. ಮೊದಲ ಯೋಜನೆಯ ಹಣ ಮುಗಿದಾಗ ಲೆಕ್ಕ ಹಾಕಿದ ಸಲಹೆಗಾರರು ಹೋದರು, ಅವರ ಜೊತೆ ಲೆಕ್ಕದ ದಾರಿಯೂ ಹೋಯಿತು. ನಾನು ನೋಡಿದ ತೊಂದರೆಗಳಲ್ಲಿ ಮುಚ್ಚಿಡುವ ಉದ್ದೇಶ ಇದ್ದದ್ದು ವಿರಳ, ಇಂಥದ್ದೇ ಜಾಸ್ತಿ. ಅದಕ್ಕೇ ನಾವು ಬರೆಯುವ ಪರಿಶೀಲನಾ ವರದಿಯ ಕೊನೆಯ ಭಾಗ, ಅಂದರೆ ಸಾಮರ್ಥ್ಯ ಬೆಳೆಸಲು ಏನು ಬೇಕು ಅಂತ ದೇಶದವರ ಜೊತೆ ಕೂತು ಬರೆಯುವ ಪಟ್ಟಿ, ನನಗೆ ಮುಖ್ಯ. ಉಳಿದವರು ಶುಕ್ರವಾರ ಮಧ್ಯಾಹ್ನ ಅದನ್ನು ಬೇಗಬೇಗ ಮುಗಿಸಲು ನೋಡುತ್ತಾರೆ. ನಾನು ಬಿಡುವುದಿಲ್ಲ. ‘ತರಬೇತಿ ಬೇಕು’ ಅಂತ ಸುಮ್ನೆ ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಜಾನುವಾರು ಅಂಕಿಗಳನ್ನು ಎರಡು ಇಲಾಖೆಗಳು ಪ್ರತಿ ವರ್ಷ ಹಂಚಿಕೊಳ್ಳುವ ಲಿಖಿತ ಒಪ್ಪಂದ, ಲೆಕ್ಕದ ಫೈಲುಗಳನ್ನು ಕೂಡಿಡುವ ವ್ಯವಸ್ಥೆ’ ಅಂತ ಬರೆದರೆ ಆ ಹುಡುಗಿ ಅದನ್ನು ತನ್ನ ಮೇಲಧಿಕಾರಿಗೆ ತೋರಿಸಬಹುದು.

ಕಡ್ಡಾಯ ನಿಯಮ ಪಾಲಿಸಿಲ್ಲದಿದ್ದರೆ ಶಿಫಾರಸು, ಕಡ್ಡಾಯವಲ್ಲದ್ದಕ್ಕೆ ಉತ್ತೇಜನ, ಇದು ನಮ್ಮ ವರದಿಯ ಭಾಷೆ. ಪ್ರತಿಯೊಂದಕ್ಕೂ ನಿಯಮದ ಪ್ಯಾರಾ ಸಂಖ್ಯೆ ಬೇಕು. ಪ್ಯಾರಾ ಸಿಗದಿದ್ದರೆ ಅದು ನಮ್ಮ ಅಭಿಪ್ರಾಯ ಅಷ್ಟೇ, ತೆಗೆದುಹಾಕುತ್ತೇವೆ. ಶಿಫಾರಸು ಹೆಚ್ಚಿದಷ್ಟೂ ಒಳ್ಳೆಯ ಪರಿಶೀಲನೆ ಅಂತ ತಿಳಿದವರಿದ್ದಾರೆ. ನಾನು ಒಪ್ಪುವುದಿಲ್ಲ. ದೇಶದ ಒಟ್ಟು ಹೊರಸೂಸುವಿಕೆಯ 95 ಶೇಕಡಾ ಯಾವ ಮೂಲಗಳಿಂದ ಬರುತ್ತದೋ ಅವು ಮುಖ್ಯ ವರ್ಗಗಳು, ಸಡಿಲಿಕೆ ಇರುವವರಿಗೆ 85. ಹಸುಗಳು ಆ ಪಟ್ಟಿಯಲ್ಲಿದ್ದರೆ ನನ್ನ ಸಮಯವೆಲ್ಲ ಅಲ್ಲಿಗೆ. ಕುದುರೆ ಸಗಣಿಯ ದಶಮಾಂಶಕ್ಕೆ ಒಂದು ಸಂಜೆ ಕಳೆಯುವುದಿಲ್ಲ.

ವಾರ ಮುಗಿದ ಎರಡು ತಿಂಗಳೊಳಗೆ ಕರಡು ದೇಶಕ್ಕೆ ಹೋಗುತ್ತದೆ. ಅವರಿಗೆ ಉತ್ತರಿಸಲು ಒಂದು ತಿಂಗಳು, ಸಡಿಲಿಕೆ ಬೇಕಾದವರಿಗೆ ಮೂರು ತಿಂಗಳವರೆಗೆ. ಆಮೇಲೆ ಅಂತಿಮ ವರದಿ ಎಲ್ಲರಿಗೂ ಓದಲು ಸಿಗುತ್ತದೆ. ಹಸುವಿನ ಲೆಕ್ಕದ ಶಿಫಾರಸನ್ನು ಆ ದೇಶ ತಕರಾರಿಲ್ಲದೆ ಒಪ್ಪಿಕೊಂಡಿತು. ಎರಡನೇ ಬಿಟಿಆರ್‌ಗೆ ಗಡುವು 2026ರ ಡಿಸೆಂಬರ್ 31. ಅದನ್ನು ನೋಡುವ ತಂಡದಲ್ಲಿ ನಾನೇ ಇರುತ್ತೇನೆ ಅಂತೇನಿಲ್ಲ, ಬಹುಶಃ ಇರುವುದಿಲ್ಲ. ಹಾಗಾಗಿ ಯಾವ ಕೋಷ್ಟಕ, ಯಾವ ಎರಡು ವರ್ಷ, ಯಾವ ಎರಡು ಮೂಲ, ಯಾವ ವಿಧಾನದಿಂದ ಹೊಂದಿಸಬೇಕು ಅನ್ನುವುದನ್ನೆಲ್ಲ ಅಲ್ಲೇ ಪೂರ್ತಿ ಬರೆದಿಟ್ಟೆವು.